ಟೇಪು ಸಾಲದು

ಹೊಲಿಗೆ ಅಂಗಡಿಯ ಗುಮಾಸ್ತನಿಗಿದ್ದದ್ದು ಒಂದೇ ಚಟ. ಗಿರಾಕಿಗಳ ಅಳತೆಯನ್ನು ಕಂಪ್ಯೂಟರಿಗೆ ತುಂಬುವಾಗ, ಪಕ್ಕದ ‘ಷರಾ’ ಎಂಬ ಖಾಲಿ ಜಾಗದಲ್ಲಿ ತನಗೆ ತೋಚಿದ್ದನ್ನೂ ಗೀಚಿಬಿಡುತ್ತಿದ್ದ. ಒಬ್ಬರಿಗೆ ‘ಎಡಭುಜ ಶುದ್ಧ ಸೋಮಾರಿ’. ಇನ್ನೊಬ್ಬರಿಗೆ ‘ಪ್ಯಾಂಟಿನೊಳಗೆ ಕಾಲು ಹುಡುಕಬೇಕು’. ಯಾರು ನೋಡುತ್ತಾರೆ ಎಂಬ ಧೈರ್ಯದಲ್ಲಿ ಮೊದಲನೇ ಸಾಲಿನ ಯಜಮಾನರ ಸೊಂಟಕ್ಕೂ ಷರಾ ಬರೆದಿದ್ದ: ‘ಟೇಪು ಸಾಲದು.’ ಎರಡನೇ ಸಾಲಿನಲ್ಲಿ ಯಜಮಾನರ ಹೆಂಡತಿಯ ಬಗ್ಗೆ ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ.

ಅಂದು ಬೆಳಿಗ್ಗೆ ಯಜಮಾನರು ಬಂದವರೇ, “ನಂಗೊಂದು ಸೂಟು ಹೊಲಿಸ್ಬೇಕು ಕಣಯ್ಯಾ. ಕಂಪ್ಯೂಟರಲ್ಲಿ ನನ್ನ ಅಳತೆ ತೆಗೆದಿಡು, ಈಗ ಬಂದು ನಾನೇ ನೋಡ್ತೀನಿ” ಎಂದು ಒಳಕೋಣೆಗೆ ಹೋದರು.

ಗುಮಾಸ್ತನ ಕಣ್ಣ ಮುಂದೆ ‘ಟೇಪು ಸಾಲದು’ ಬಂದು ನಿಂತಿತು. ಕಂಪ್ಯೂಟರಿನ ಮುಂದೆ ಧೊಪ್ಪನೆ ಕೂತು ಆ ಷರಾ ಅಳಿಸಲು ಹೊರಟ. ಅಷ್ಟರಲ್ಲಿ ಗುಂಡಿ ಹಾಕುವ ಅಕ್ಕ ಅವನ ಭುಜದ ಮೇಲಿಂದ ಕತ್ತು ಚಾಚಿದಳು.

“ಏನಣ್ಣಾ ಅದು, ಕದ್ದುಮುಚ್ಚಿ?”

“ಏನಿಲ್ಲಕ್ಕಾ, ಏನೇನಿಲ್ಲ!” ಎನ್ನುತ್ತ ಗುಮಾಸ್ತ ಗಾಬರಿಯಲ್ಲಿ ಸಿಕ್ಕಸಿಕ್ಕ ಕೀಲಿ ಒತ್ತಿದ. ಕಂಪ್ಯೂಟರು ‘ಎಲ್ಲವನ್ನೂ ಅಳಿಸಲೇ?’ ಎಂದಿತು. ಹೂಂ ಎಂದ. ‘ನಿಜವಾಗಿಯೂ?’ ಎಂದಿತು. ಅದಕ್ಕೂ ಹೂಂ ಎಂದ. ಊರಿನವರ ಎದೆ, ಸೊಂಟ, ತೋಳು ಎಲ್ಲವೂ ಮಾಯವಾಗಿ ಪರದೆ ಬೆಳ್ಳಗಾಯಿತು.

“ಅಯ್ಯೋ, ನಾಳೆ ಬ್ಯಾಂಡಿನವರ ಕೋಟು ಕತ್ತರಿಸ್ಬೇಕಲ್ಲೋ!” ಎಂದು ಟೈಲರ್ ಮಾಸ್ಟ್ರು ಕತ್ತರಿ ಹಿಡಿದೇ ಓಡಿಬಂದರು.

“ಹೆದರ್ಬೇಡಿ ಮಾಸ್ಟ್ರೇ. ಈ ಡಬ್ಬಿಲಿ ಎರಡು ಡಿಸ್ಕ್ ಇದೆ. ಒಂದರಲ್ಲಿ ಇರೋದೆಲ್ಲಾ ಇನ್ನೊಂದರಲ್ಲೂ ಇರುತ್ತೆ” ಎಂದು ಗುಮಾಸ್ತ ಕಂಪ್ಯೂಟರಿನ ಪಕ್ಕದ ಡಬ್ಬಿ ತೋರಿಸಿ ಬೀಗಿದ. ಈ ಡಬ್ಬಿ ಕೊಳ್ಳಲು ಯಜಮಾನರ ತಲೆ ತಿಂದವನೇ ಅವನು. ಒಂದು ಡಿಸ್ಕನ್ನು ಹೊರಗೆಳೆದು ಇನ್ನೊಂದರಲ್ಲಿ ನೋಡಿದ. ಅದೂ ಖಾಲಿ.

“ಒಂದರಲ್ಲಿ ಅಳಿಸಿದ್ರೆ?” ಎಂದರು ಮಾಸ್ಟ್ರು.

“ಇನ್ನೊಂದರಲ್ಲೂ… ಅಳಿಸುತ್ತೆ” ಎಂದ ಗುಮಾಸ್ತ.

“ಕನ್ನಡಿ ಮುಂದೆ ಕೂತು ತಲೆ ಬೋಳಿಸ್ಕೊಂಡು, ಕನ್ನಡಿ ಒಳಗಿನವನಿಗೆ ಕೂದಲಿದೆಯಾ ಅಂತ ಹುಡುಕ್ತಿದೀಯಲ್ಲೋ ಪುಣ್ಯಾತ್ಮ!”

“ಹಿಂದುಮುಂದಾಗಿ ತೂರಿಸಿ ನೋಡಣ್ಣಾ” ಎಂದಳು ಅಕ್ಕ. ಬೇರೆ ದಾರಿ ಕಾಣದೆ ಗುಮಾಸ್ತ ಅದನ್ನೂ ಮಾಡಿನೋಡಿದ. ಡಿಸ್ಕು ಒಳಗೆ ಹೋಗಲಿಲ್ಲ. ಒಂದು ಡಿಸ್ಕು ಕಳೆದುಕೊಂಡ ಡಬ್ಬಿ ಮಾತ್ರ ಪೀಂ ಪೀಂ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಆ ಗಲಾಟೆಗೆ ಯಜಮಾನರು ಹೊರಗೆ ಬಂದರು.

ಗುಮಾಸ್ತ ಕೈಜೋಡಿಸಿದ. “ತಪ್ಪಾಯ್ತು ಯಜಮಾನ್ರೇ. ಅಳತೆಯೆಲ್ಲಾ ಹೋಯ್ತು.” ಕೆಲಸವೂ ಹೋದಂತೆಯೇ ಎಂದು ಅವನ ಕಣ್ಣಲ್ಲಿ ನೀರಾಡಿತು.

ಯಜಮಾನರು ನಕ್ಕರು! “ಎರಡೂ ಒಂದೇ ಡಬ್ಬಿಲಿದ್ರೆ ಏನು ಬಂತು ಅಂತ ನನ್ನವಳು ಆಗಲೇ ಹೇಳಿದ್ಲು. ದಿನಾ ಸಂಜೆ ಮೂರನೇ ಡಿಸ್ಕಿಗೆ ನಕಲು ತಗೊಂಡು ಮನೆಗೆ ಒಯ್ತಾಳೆ. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ.”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಷರಾ ನೆನಪಾಗಿ ಬಂದ ಜೀವ ಮತ್ತೆ ಹೊರಟಿತು.

ಯಜಮಾನರ ಹೆಂಡತಿ ಮನೆಯಿಂದ ಡಿಸ್ಕು ತಂದು ಜೋಡಿಸಿದರು. ಪರದೆ ತುಂಬಿತು. “ನೋಡಿ, ಒಂದಕ್ಷರ ಹಾಳಾಗಿಲ್ಲ! ಷರಾ ಸಮೇತ ಇದೆ. ಮೊದಲನೇ ಸಾಲೇ ನಿಮ್ದು ಕಣ್ರೀ, ಸೊಂಟ… ‘ಟೇಪು ಸಾಲದು’…” ಎಂದು ಗಟ್ಟಿಯಾಗಿ ಓದಿ, ಥಟ್ಟನೆ ನಿಲ್ಲಿಸಿದರು.

ಯಜಮಾನರ ಮುಖ ಕೆಂಪೇರಿತು. “ಮಾಸ್ಟ್ರೇ, ತನ್ನಿ ಟೇಪು! ಸಾಲಿದ್ರೆ ಇವನಿಗೆ ಇವತ್ತೇ ಕಡೇ ದಿನ.”

ಯಜಮಾನರು ಉಸಿರು ಬಿಗಿಹಿಡಿದರು, ಹೊಟ್ಟೆ ಒಳಗೆಳೆದುಕೊಂಡರು. ಮಾಸ್ಟ್ರು ಟೇಪನ್ನು ಎಷ್ಟು ಜಗ್ಗಿದರೂ ಎರಡು ತುದಿಗಳ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು.

ಯಜಮಾನರ ಹೆಂಡತಿ ಬಿದ್ದುಬಿದ್ದು ನಕ್ಕರು. “ಇದ್ದದ್ದನ್ನೇ ಬರ್ದಿದಾನಲ್ರೀ! ಪಾಪ, ಇರ್ಲಿ ಬಿಡಿ.”

“ಹೂಂ, ಸಾಯ್ಲಿ” ಎಂದು ಯಜಮಾನರು ಉಸಿರು ಬಿಟ್ಟರು. ಗುಮಾಸ್ತನೂ ಬಿಟ್ಟ.

“ಎಲ್ಲಿ, ನನಗೇನು ಬರ್ದಿದಾನೋ ನೋಡೋಣ” ಎಂದು ಆಕೆ ನಗುತ್ತಲೇ ಎರಡನೇ ಸಾಲಿಗೆ ಬಗ್ಗಿದರು.

ಗುಮಾಸ್ತ ಊಟದ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು, ಯಾರೂ ಹೇಳುವ ಮೊದಲೇ ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದ.