ಅಮೆರಿಕಾ ಮುಚ್ಚಿದಾಗ ಮಾವ ಮುದ್ದೆ ಬಿಟ್ಟರು

ಅಮೆರಿಕಾದಲ್ಲಿ ಯಾರು ಗೆದ್ದರೂ ಸರಿ, ಯಾರು ಸೋತರೂ ಸರಿ, ಅಲ್ಲಿನ ಕಾಯಂ ವಿರೋಧ ಪಕ್ಷದ ನಾಯಕರು ಮಾತ್ರ ಒಬ್ಬರೇ. ಅವರು ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಹಳೇ ಲೈನ್ ಮನೆಯೊಂದರ ಜಗಲಿಯ ಮೇಲೆ, ಲುಂಗಿ ಬನಿಯನ್ನಿನಲ್ಲಿ ಕೂತಿರುತ್ತಾರೆ. ಈ ವಿಷಯ ವಾಷಿಂಗ್ಟನ್ನಿನವರಿಗೆ ಇನ್ನೂ ತಿಳಿದಿಲ್ಲ. ತಿಳಿದಿದ್ದರೆ ಸ್ವಲ್ಪ ಹುಷಾರಾಗಿರುತ್ತಿದ್ದರು! ಅವರು ನನ್ನ ಸೋದರಮಾವ, ನಮ್ಮಮ್ಮನ ಅಣ್ಣ. ಹೆಸರು ಮಾತ್ರ ಬರೆಯಕೂಡದು ಎಂದು ಅತ್ತೆಯ ಅಪ್ಪಣೆಯಾಗಿದೆ. ಬರೆದರೆ ನಾಳೆ ಅಮೆರಿಕಾದವರು ವೀಸಾ ಕೊಡುವುದಿಲ್ಲವಂತೆ. ಮಾವನ ಹತ್ತಿರ ಪಾಸ್‌ಪೋರ್ಟೇ ಇಲ್ಲ, ಆ ಮಾತು ಬೇರೆ.

ಮಾವನಿಗೆ ಅಮೆರಿಕಾ ಅಂಟಿಕೊಂಡದ್ದು ಬೆಂಗಳೂರಿನಲ್ಲಿ. ತಾವು ದುಡಿಯುತ್ತಿದ್ದ ಚಿನ್ನದ ಗಣಿ ಮುಚ್ಚಿದ ಮೇಲೆ ಅವರೂ ಊರಿನ ಅರ್ಧ ಜನರ ಹಾಗೆ ಮುಂಜಾನೆಯ ರೈಲು ಹತ್ತಿದರು. ಸಿಕ್ಕಿದ್ದು ಒಂದು ದೊಡ್ಡ ಆಫೀಸಿನಲ್ಲಿ ಸೆಕ್ಯೂರಿಟಿ ಕೆಲಸ. ಆ ಆಫೀಸಿನವರು ಅಮೆರಿಕಾದವರಿಗೆ ಕೆಲಸ ಮಾಡಿಕೊಡುವವರು, ಹಾಗಾಗಿ ಬಾಗಿಲ ಬಳಿಯ ಟಿವಿಯಲ್ಲಿ ಇಡೀ ದಿನ ಅಮೆರಿಕಾದ ನ್ಯೂಸೇ. ಮೊದಮೊದಲು ಚಿತ್ರ ನೋಡಿದರು, ಆಮೇಲೆ ಕೆಳಗೆ ಓಡುವ ಅಕ್ಷರ ಓದಿದರು, ಕೊನೆಗೆ ಟಿವಿಯವರು ತಪ್ಪು ಹೇಳಿದರೆ ತಿದ್ದುವ ಮಟ್ಟಕ್ಕೆ ಬಂದರು. ನಿವೃತ್ತರಾಗಿ ಬರುವಾಗ ಬೇರೆಯವರು ಶಾಲು ಹಾರ ತಂದರೆ, ನಮ್ಮ ಮಾವ ಮನೆಗೆ ಅಮೆರಿಕಾ ತಂದರು.

ಪಕ್ಷಗಳ ಹೆಸರನ್ನು ಅವರು ಹೇಳುವುದಿಲ್ಲ, ಗುರುತಿನ ಮೇಲೆಯೇ ಮಾತು. ಆನೆಯವರು, ಕತ್ತೆಯವರು. "ಕತ್ತೆ ಗುರುತು ಇಟ್ಕಂಡು ಓಟು ಕೇಳಾಕೆ ಎಂಥಾ ಧೈರ್ಯ ಬೇಕಮ್ಮಾ! ನಮ್ಮಲ್ಲಿ ಒಬ್ನಿಗೈತಾ?" ಎಂದು ಒಮ್ಮೆ ಮೆಚ್ಚುತ್ತಾರೆ. ಹಾಗೆಂದು ಅವರು ಕತ್ತೆಯ ಕಡೆಯವರೂ ಅಲ್ಲ, ಮರುದಿನವೇ ಅದಕ್ಕೂ ಬೈಗುಳ ತಪ್ಪಿದ್ದಲ್ಲ. ಅವರಿಗೆ ನಿಜವಾಗಿ ಇಷ್ಟವಾದದ್ದು ಅಲ್ಲಿಯ ವಿಚಾರಣೆ. ಎಂಥಾ ದೊಡ್ಡ ಮಂತ್ರಿಯನ್ನಾದರೂ ಮೈಕಿನ ಮುಂದೆ ಕೂರಿಸಿ, ಬಲಗೈ ಎತ್ತಿಸಿ, ಆಣೆ ಮಾಡಿಸಿ, ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಾರಲ್ಲ, ಅದು! "ಉತ್ರ ಸರಿಯಾಗಿ ಏಳ್ತಾನೋ ಬುಡ್ತಾನೋ. ಕೂತ್ಕಂಡು ಕೇಳುಸ್ಕಬೇಕಲ್ಲ, ಅದೇ ದೊಡ್ದು" ಎನ್ನುತ್ತಾರೆ.

ಸುಮ್ಮನೆ ಮೆಚ್ಚಿ ಬಿಟ್ಟಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಮನೆಯಲ್ಲೂ ಶುರು ಮಾಡಿದರು! ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮಾವ ತಟ್ಟೆ ಬದಿಗಿಟ್ಟು ವಿಚಾರಣೆ ಕರೆದರು. ಅತ್ತೆ ಕೈಯಲ್ಲಿದ್ದ ಸೌಟನ್ನೇ ಎತ್ತಿ ಹಿಡಿದು ನಿಂತರು.

"ಸಾರಿಗೆ ಮೊದ್ಲು ಉಪ್ಪಾಕಿದ್ದು ಯಾರು?"

"ಗ್ಯಾನ ಇಲ್ಲ."

"ಎರಡ್ನೇ ಸಾರಿ ಆಕಿದ್ದು ಯಾರು?"

"ಅದೂ ಗ್ಯಾನ ಇಲ್ಲ."

ಮಾವ ನನ್ನ ಕಡೆ ತಿರುಗಿ, "ನೋಡಮ್ಮಾ, ಇವ್ಳನ್ನ ಅಲ್ಲಿಗೆ ಕಳ್ಸಿದ್ರೆ ನಾಳೇನೇ ಮಂತ್ರಿ ಆಗ್ತಾಳೆ!" ಎಂದರು. ಅಂದಿನಿಂದ ಅತ್ತೆಗೂ ಅಮೆರಿಕಾದ ಮೇಲೆ ಸ್ವಲ್ಪ ಗೌರವ ಬಂತು.

ಹೀಗಿರುವಾಗ ಅಮೆರಿಕಾ ಮುಚ್ಚಿತು. ಅಂದರೆ ಅಲ್ಲಿನ ಸರ್ಕಾರ. ಆನೆಯವರಿಗೂ ಕತ್ತೆಯವರಿಗೂ ಖರ್ಚಿನ ಲೆಕ್ಕದಲ್ಲಿ ಜಗಳವಾಗಿ, ಸರ್ಕಾರದ ಕಚೇರಿಗಳಿಗೆ ದುಡ್ಡು ಮಂಜೂರಾಗದೆ, ನೌಕರರು ಕೆಲವರು ಮನೆಯಲ್ಲಿ ಕೂತರು, ಕೆಲವರು ಸಂಬಳವಿಲ್ಲದೆ ಕೆಲಸಕ್ಕೆ ಹೋದರು. ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುವವಳು. "ಇದು ಅಲ್ಲಿ ಆಗಾಗ ಆಗೋದೇ ಮಾವ, ಸ್ವಲ್ಪ ದಿನ ಬಿಟ್ಟು ತೆಗೀತಾರೆ" ಎಂದು ಫೋನಿನಲ್ಲಿ ಸಮಾಧಾನ ಹೇಳಿದೆ.

"ನಾವೂ ಅಂಗೇ ಅಂದ್ಕಂಡಿದ್ವಿ" ಎಂದು ಮಾವ ಫೋನಿಟ್ಟರು.

ಸಂಜೆ ಅತ್ತೆಯ ಫೋನು. ಮಾವ ರಾತ್ರಿಯ ಮುದ್ದೆ ಬಿಟ್ಟಿದ್ದಾರೆ! ಅಮೆರಿಕಾದ ನೌಕರರಿಗೆ ಸಂಬಳ ಮಂಜೂರಾಗುವವರೆಗೆ ರಾತ್ರಿ ಊಟ ಮುಟ್ಟುವುದಿಲ್ಲವಂತೆ. ಬೆಳಗ್ಗೆ, ಮಧ್ಯಾಹ್ನ ಆದೀತು, ರಾತ್ರಿ ಮಾತ್ರ ಕೂಡದು. ಅದಕ್ಕೆ ಕಾರಣವೂ ಇತ್ತು. "ನಮ್ಗೆ ಸಂಜೆ ಆಯ್ತು ಅಂದ್ರೆ ಅವ್ರಿಗೆ ಬೆಳಗ್ಗೆ. ಸಂಬ್ಳ ಇಲ್ದೆ ಡ್ಯೂಟಿಗೆ ಓಗೋ ಒತ್ತು. ಆ ಒತ್ತಲ್ಲಿ ನಾನು ಮುದ್ದೆ ನುಂಗಾದಾ?" ಭೂಗೋಳ, ರಾಜಕೀಯ, ಊಟ ಮೂರನ್ನೂ ಹೀಗೆ ಒಂದೇ ತಟ್ಟೆಗೆ ಬಡಿಸುವವರು ಬೇರೆ ಎಲ್ಲಿ ಸಿಗುತ್ತಾರೆ, ಹೇಳಿ?

ನಗಬಹುದಿತ್ತು. ಆದರೆ ಮಾವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಹೇಳಲು ಡಾಕ್ಟರೇ ಬೇಕಿಲ್ಲ. ಅತ್ತೆ ಬೇಡಿದರು, ಬೈದರು, ಅತ್ತರು. ಕೊನೆಗೆ ಒಂದು ಸಂಜೆ ಮುಖ ಅರಳಿಸಿಕೊಂಡು ಬಂದು, "ರೀ, ತೆಗುದ್ಬುಟ್ರಂತೆ! ಟಿವೀಲಿ ಈಗ್ತಾನೆ ಏಳಿದ್ರು!" ಎಂದು ತಟ್ಟೆ ಇಟ್ಟರು.

"ಎಷ್ಟು ಓಟಿಗೆ?" ಎಂದರು ಮಾವ.

"ಬೇಕಾದಷ್ಟು!"

ತಟ್ಟೆ ಹಾಗೆಯೇ ಒಳಗೆ ಹೋಯಿತು.

ಇನ್ನು ಜವಾಬ್ದಾರಿಯ ವಿಷಯಕ್ಕೆ ಬಂದರೆ ಮಾವನ ಸಿಟ್ಟು ಹೇಳತೀರದು. ಸರ್ಕಾರ ಮುಚ್ಚಿದ್ದರೂ ಅಲ್ಲಿನ ಎಂಪಿಗಳಿಗೆ ಸಂಬಳ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಾದ ದಿನ ನಾನು ಅಲ್ಲಿಯೇ ಇದ್ದೆ. "ಬೀಗ ಆಕ್ದೋನು ಉಣ್ತಾನೆ, ಒಳ್ಗೆ ಕೆಲ್ಸ ಮಾಡ್ದೋನು ಉಪಾಸ! ಇದ್ಯಾವ ನ್ಯಾಯ? ತೆಗ್ಯಾಕೆ ಓಟಾಕ್ದೇ ಇರೋ ಒಬ್ಬೊಬ್ಬ ಎಂಪೀನೂ ಒಬ್ಬೊಬ್ಬ ನೌಕರನ ಮನೇಲಿ ಉಣ್ಣಾಕೆ ಕೂರ್ಸಬೇಕು. ಆ ಮನೆ ಎಣ್ಮಗ್ಳು ಖಾಲಿ ಪಾತ್ರೆ ಕೆರೆಯೋ ಸದ್ದು ಕೇಳುಸ್ಕಬೇಕು ಅವ್ನು!" ಎಂದು ಜಗಲಿ ಗುದ್ದಿದರು. ಅಮೆರಿಕಾದ ಸಂವಿಧಾನಕ್ಕೆ ಈ ತಿದ್ದುಪಡಿ ಇನ್ನೂ ಬಂದಿಲ್ಲ. ಬಂದರೆ ಒಳ್ಳೆಯದೇ ಎಂದು ಸಮಾಜ ಪಾಠ ಹೇಳುವ ನನಗೂ ಅನ್ನಿಸಿತು.

ಇದೇ ಭಾಷಣವನ್ನು ರಾಬರ್ಟ್‌ಸನ್‌ಪೇಟೆಯ ಕಟಿಂಗ್ ಶಾಪಿನಲ್ಲಿ, ಮುಖಕ್ಕೆ ನೊರೆ ಬಳಿಸಿಕೊಂಡು ಮಾಡುತ್ತಿದ್ದಾಗ ತಲೆ ಸುತ್ತಿ ಕುರ್ಚಿಯಲ್ಲೇ ಒರಗಿಬಿಟ್ಟರು. ಪುಣ್ಯಕ್ಕೆ ಶೇವಿಂಗ್ ಮಾಡುವವನು ಕತ್ತಿ ತೆಗೆದು, ಪಕ್ಕದಂಗಡಿಯಿಂದ ಸಕ್ಕರೆ ನೀರು ತಂದು ಕುಡಿಸಿದ. ನಾನು ಓಡಿ ಬಂದಾಗ ಡಾಕ್ಟರ ಮುಂದೆ ಕೂತಿದ್ದರು, ಅರ್ಧ ಗಡ್ಡ ಇತ್ತು, ಅರ್ಧ ಇರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅಮೆರಿಕಾ ಯಾವತ್ತಾದ್ರೂ ತೆಗೀತದಮ್ಮ. ತೆಗೆದಾಗ ನೋಡೋಕೆ ಇವರು ಇರಬೇಕಲ್ಲ" ಎಂದರು. ಅವತ್ತು ನನಗೆ ನಗು ಬರಲಿಲ್ಲ.

ಅಲ್ಲಿಂದ ಮುಂದೆ ಇಡೀ ಲೈನು ಅಮೆರಿಕಾದ ಕಡೆ ಮುಖ ಮಾಡಿ ಕೂತಿತು. ನೂರು ಜನರ ಮೇಲ್ಮನೆಯಲ್ಲಿ ಅರವತ್ತು ಓಟು ಬಿದ್ದರೆ ಮಾವನ ಹೊಟ್ಟೆಗೆ ಮುದ್ದೆ ಬೀಳುತ್ತದೆ ಎಂಬುದು ಮಕ್ಕಳಿಗೂ ಬಾಯಿಪಾಠವಾಯಿತು. ಪಕ್ಕದ ಮನೆಯ ತಮಿಳಿನ ಅಕ್ಕ ದಿನಾ ಬೆಳಗ್ಗೆ ನಲ್ಲಿ ನೀರಿಗೆ ಬಂದವರು ಕೊಡ ಕೆಳಗಿಡುವ ಮೊದಲೇ "ಅಣ್ಣಾ, ತೊರಂದಾಚ್ಚಾ?" ಎಂದು ಕೇಳುವರು. ಬಾಗಿಲು ತೆಗೆದಾಯಿತಾ ಎಂದು. ಮಾವ ಇಲ್ಲವೆಂದು ತಲೆಯಾಡಿಸುವರು. ಆ ಲೈನಿನಲ್ಲಿ ಯಾರೂ ಅವರನ್ನು ಹುಚ್ಚ ಎನ್ನಲಿಲ್ಲ. ನನಗೆ ಅದೇ ಆಶ್ಚರ್ಯವಾಗಿತ್ತು.

ಕೊನೆಗೊಂದು ದಿನ ಮೇಲ್ಮನೆಯಲ್ಲಿ ಅರವತ್ತು ಓಟು ಬಿತ್ತು. ಅತ್ತೆ ಒಲೆಯ ಮೇಲೆ ಎಸರಿಟ್ಟೇಬಿಟ್ಟರು. ಮಾವ ತಡೆದರು. ಇನ್ನು ಕೆಳಮನೆ ಒಪ್ಪಬೇಕು, ಆಮೇಲೆ ಅಧ್ಯಕ್ಷರ ಸೈನು ಬೀಳಬೇಕು ಎಂದರು.

"ಒಂದು ಬಾಗ್ಲಿಗೆ ಎಷ್ಟು ಬೀಗ ಆಕವ್ರೆ ಇವ್ರು!" ಎಂದು ಅತ್ತೆ ಎಸರು ಇಳಿಸಿದರು.

ಅದಾದ ಎರಡು ಮೂರು ದಿನಕ್ಕೆ, ನಾನು ಶಾಲೆಗೆ ಹೊರಡುವ ಹೊತ್ತಿನಲ್ಲಿ ಫೋನು ಬಂತು. ಆ ಕಡೆ ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಸೈನು ಬಿತ್ತಂತೆ ಕಣೇ! ನಿಜ್ವಾಗ್ಲೂ! ಲೈನಿಗೆಲ್ಲಾ ಪಾನಿಪುರಿ ತರ್ಬೇಕಂತೆ ನೀನು, ನಿಮ್ಮ ಬಂಗಾರಪೇಟೆದು, ಬಿಳಿ ನೀರಿಂದು. ಈಗ್ಲೇ ಅಂತಾವ್ರೆ!" ಬೆಳಗ್ಗೆ ಪಾನಿಪುರಿ ಯಾರು ಮಾಡುತ್ತಾರೆ? ಸಂಜೆ ತರುತ್ತೇನೆ ಎಂದೆ. ಅವತ್ತು ಪಾಠ ಓದದೆ ಬಂದ ಮಕ್ಕಳಿಗೂ ನಾನು ಬೈಯಲಿಲ್ಲ.

ಸಂಜೆ ಪೂರಿಯ ಕವರು, ನೀರಿನ ಕ್ಯಾನು ಹಿಡಿದು ರೈಲಿನಲ್ಲಿ ಊರಿಗಾಂಗೆ ಬಂದಿಳಿದೆ. ಲೈನಿನವರೆಲ್ಲ ಸುತ್ತುವರಿದರು. ತಮಿಳಿನ ಅಕ್ಕನಂತೂ ಅಮೆರಿಕಾವನ್ನು ತಾವೇ ತೆಗೆಸಿದ ಹಾಗೆ ಎಲ್ಲರಿಗೂ ಹಂಚುತ್ತಿದ್ದರು. ಮಾವ ಮಾತ್ರ ಕಾಣಲಿಲ್ಲ.

"ಡಬ್ಬಿಗೆ ಮುದ್ದೆ ಸಾರು ಆಕುಸ್ಕಂಡು ಓದ್ರು" ಎಂದರು ಅತ್ತೆ. ಎಲ್ಲಿಗೆ ಎಂದು ಕೇಳಿದೆ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇನ್ನೆಲ್ಲಿಗೆ? ಗಣಿ ಮುಚ್ಚಿದ ಒಸದ್ರಲ್ಲಿ ದಿನಾ ಓಗೋರಲ್ಲ, ಅಲ್ಲಿಗೇ. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಗೇಟಿನ್ ಮುಂದೆ ಡಬ್ಬಿ ಇಟ್ಕಂಡು ಕಾಯೋರು. ಇವ್ರೊಬ್ರೇ ಅಲ್ಲ, ಈ ಲೈನಿನ ಗಂಡಸ್ರೆಲ್ಲಾ. ಒಬ್ಬೊಬ್ರೇ ಓಗಾದು ಬುಟ್ರು. ಇವ್ರು ಕೊನೇಗೆ ಬುಟ್ಟಿದ್ದು."

ನಾನು ಹೋದೆ. ಗಣಿಯ ಹಳೇ ಗೇಟಿನ ಎದುರು ಮೋರಿಯ ಕಟ್ಟೆಯ ಮೇಲೆ ಮಾವ ಕೂತಿದ್ದರು. ಗೇಟಿನ ಬೀಗದ ಮೇಲೆ ತುಕ್ಕು, ಒಳಗೆಲ್ಲ ಜಾಲಿ ಗಿಡ. ಅಮೆರಿಕಾವನ್ನು ಇಷ್ಟು ವರ್ಷ ನಡೆಸಿದ ಮನುಷ್ಯ ಅಷ್ಟು ಸಣ್ಣಗೆ ಕಂಡದ್ದು ಅವತ್ತೇ. ಬೈಯಬೇಕೆಂದು ಬಂದವಳು ಪಕ್ಕದಲ್ಲಿ ಕೂತೆ.

ಮಾವ ಗೇಟಿನ ಕಡೆಯೇ ನೋಡುತ್ತಾ ಹೇಳಿದರು: "ಒಂದ್ಸಾರಿ ಮುಚ್ಚಿದ್ನ ಯಾರಾನಾ ತಿರ್ಗಾ ತೆಗ್ದಿದ್ದು ನಾನು ನೋಡೇ ಇರ್ಲಿಲ್ಲ ಕಣಮ್ಮಾ. ಈಗ ನೋಡ್ಬುಟ್ಟೆ. ಸಾಕು."

ಡಬ್ಬಿ ಬಿಚ್ಚಿದರು. ಮುದ್ದೆಯಿಂದ ಇನ್ನೂ ಹಬೆ ಏಳುತ್ತಿತ್ತು. ಅರ್ಧ ಮುರಿದು, ಸಾರಿನಲ್ಲಿ ಅದ್ದಿ, ಮುಚ್ಚಳದ ಮೇಲೆ ಇಟ್ಟು ನನ್ನ ಕಡೆ ಸರಿಸಿದರು.

"ತಿನ್ನು. ಅಮೆರಿಕಾದೋರೆಲ್ಲಾ ಡ್ಯೂಟಿಗೆ ಒರ್ಡೋ ಒತ್ತಾಯ್ತು."