ಹೆಬ್ಬೆರಳಿನ ಟೊಪ್ಪಿಗೆ

ಕಂಪನಿಗಳ ಬಾಗಿಲಿಗೆ ಬೇರೆಯವರು ಹೋದರೆ ಮಾತಾಡಿ, ಚಹಾ ಕುಡಿದು ಬರುತ್ತಾರೆ. ನಾನು ಹೋದರೆ ಮಾತ್ರ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ.

ಬ್ಯಾಡಗಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಹೆಂಡತಿ ಮನೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾಳೆ. ಸೀಸನ್ನಿನಲ್ಲಿ ಬೆರಳು ಎಷ್ಟು ಉರಿಯುತ್ತವೆಂದರೆ ಅನ್ನ ಕಲಸಲಾಗದೆ ಚಮಚ ಹಿಡಿಯುತ್ತಾಳೆ. ಅದನ್ನು ನೋಡಲಾರದೆ ಹೆಬ್ಬೆರಳಿಗೆ ಹಾಕಿಕೊಳ್ಳಲು ತೆಳು ಸ್ಟೀಲಿನ ಟೊಪ್ಪಿಗೆಯೊಂದನ್ನು ಮಾಡಿದೆ. ತುದಿಯ ಸೀಳಿಗೆ ತುಂಬು ಸಿಕ್ಕಿಸಿ ಎಳೆದರೆ ಮುಗಿಯಿತು. ಯಾವುದಾದರೂ ಕಂಪನಿ ಇದನ್ನು ತಯಾರಿಸಲಿ, ಅವಳ ಬೆರಳೂ ಊರ ಹೆಂಗಸರ ಬೆರಳೂ ತಣ್ಣಗಿರಲಿ ಎಂಬುದೊಂದೇ ನನ್ನ ಆಸೆ.

ಗುಟ್ಟಿನ ಪತ್ರ

ಮೊದಲು ಹಾವೇರಿಯ ಕಂಪನಿಯೊಂದಕ್ಕೆ ಪತ್ರ ಬರೆದೆ. "ಐಡಿಯಾ ಹೇಳಿಬಿಟ್ರ ಅವರೇ ನುಂಗತಾರ, ಹುಷಾರ್" ಎಂದು ಗೆಳೆಯನೊಬ್ಬ ಹೆದರಿಸಿದ್ದ. ಹಾಗಾಗಿ ಹೀಗೆ ಬರೆದೆ: "ಮಾನ್ಯರೇ, ನನ್ನ ಬಳಿ ಅದ್ಭುತ ಸಾಧನವೊಂದಿದೆ. ಯಾವುದೆಂದು ಹೇಳಲಾರೆ. ಯಾವುದಕ್ಕೆ ಬರುತ್ತದೆಂದೂ ಹೇಳಲಾರೆ. ದಯವಿಟ್ಟು ಒಪ್ಪಿಕೊಳ್ಳಿ."

ವಾರದಲ್ಲಿ ಉತ್ತರ ಬಂತು: "ಮಾನ್ಯರೇ, ತಮ್ಮ ಸಾಧನದ ಬಗ್ಗೆ ನಿರ್ಧಾರ ಕೈಗೊಂಡಿದ್ದೇವೆ. ಏನೆಂದು ಹೇಳಲಾರೆವು."

ಗೇಟಿನಲ್ಲಿ

ಆಮೇಲೆ ರಾಣೆಬೆನ್ನೂರಿನ ಇನ್ನೊಂದು ಕಂಪನಿಗೆ ಎರಡು ಕಿಲೊ ಮೆಣಸಿನಕಾಯಿ ಹೊತ್ತು ನಾನೇ ಹೋದೆ. ಗೇಟಿನ ಕಾವಲುಗಾರ ತಡೆದ. "ಒಳಗ ಏನ್ ಒಯ್ಯಾಕತ್ತೀರಿ? ಮೊದಲ ನನಗ ತೋರಸ್ರಿ."

ನಾಲ್ಕು ಕಾಯಿ ಬಿಡಿಸಿ ತೋರಿಸಿದೆ.

"ಖರೇನ ಇಷ್ಟ ಲಗೂ ಆಗತೈತೇನ್ರಿ? ಇನ್ನೊಮ್ಮೆ ಮಾಡ್ರಿ."

ಒಂದು ಹಿಡಿ ಬಿಡಿಸಿದೆ.

"ಸಣ್ಣ ಕಾಯಿಗೂ ಬರತೈತೇನ್ರಿ?"

ಮೆಚ್ಚುವವನೊಬ್ಬ ಸಿಕ್ಕ ಹುರುಪಿನಲ್ಲಿ ಎರಡೂ ಕಿಲೊ ಮುಗಿಸಿಬಿಟ್ಟೆ. ಅವನು ಅಷ್ಟನ್ನೂ ತನ್ನ ಚೀಲಕ್ಕೆ ತುಂಬಿಕೊಂಡ. "ಭಾಳ ಚೊಲೊ ಐತ್ರಿ. ಸಾಹೇಬ್ರು ಇವತ್ತ ಬಂದಿಲ್ಲ. ನಾಳೆ ಬರ್ರಿ, ಬರೂ ಮುಂದ ಕಾಯಿ ತರೂದ ಮರೀಬ್ಯಾಡ್ರಿ."

ಕಣ್ಣೀರು

ಮರುದಿನ ಸಾಹೇಬರು ಸಿಕ್ಕರು. ಎ.ಸಿ. ಕೋಣೆ, ಕಿಟಕಿ ಬಾಗಿಲು ಎಲ್ಲ ಬಂದ್. ಮೇಜಿನ ಮೇಲೆ ಕಾಯಿ ಸುರುವಿ, ಬಿಡಿಸುತ್ತ ಬಿಡಿಸುತ್ತ ಹೆಂಡತಿಯ ಬೆರಳಿನ ಕಥೆ ಹೇಳಿದೆ. ಸಾಹೇಬರ ಕಣ್ಣಲ್ಲಿ ದಳದಳ ನೀರು. ಇಷ್ಟು ಮೆತ್ತನೆಯ ಮನಸ್ಸಿನ ಅಧಿಕಾರಿಯನ್ನು ನಾನು ಕಂಡಿರಲಿಲ್ಲ.

"ಅಳಬ್ಯಾಡ್ರಿ ಸಾಹೇಬ್ರ, ನಮ್ಮಾಕಿಗೆ ರೂಢಿ ಆಗೇತಿ" ಅಂದೆ.

"ಅಳಾಕತ್ತಿಲ್ಲೋ ಮಾರಾಯಾ! ಮೊದಲ ಕಿಡಕಿ ತೆಗಿ!"

ಕಪಾಟಿನ ಸಾಮಾನು

ಸೀನು ನಿಂತ ಮೇಲೆ ಸಾಹೇಬರು, "ಸಾಮಾನು ಖರೇ ಚೊಲೊ ಕಾಣತೈತಿ. ಮುಂದಿನ ವಾರ ಮನ್ಯಾಗ ಇದನ್ನ ಬಳಸಾವ್ರನ್ನ ಕರಕೊಂಡ ಬರ್ರಿ, ನೋಡೂಣು" ಅಂದರು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮಾಡಿದ್ದು ಒಂದೇ ಟೊಪ್ಪಿಗೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆ. "ನಾನೊಂದೀಟ ಹಾಕ್ಕೊಂಡ ನೋಡ್ಲ್ಯಾ?" ಎಂದು ಹೆಂಡತಿ ಕೇಳಿದಾಗಲೆಲ್ಲ, "ಸವದೀತು, ಕಂಪನಿಗೆ ತೋರಸೂದೈತಿ. ಅವರು ಒಪ್ಪಲಿ, ನಿನಗ ಡಜನ್ ಕೊಡಸ್ತೇನಿ" ಅನ್ನುತ್ತಿದ್ದೆ. ಅವಳು ಬರಿಗೈಯಲ್ಲಿ ಎರಡು ಸೀಸನ್ ಬಿಡಿಸಿದಳು.

ಆ ದಿನ ಇಬ್ಬರೂ ಹೋದೆವು. ಸಾಹೇಬರು ಅವಳನ್ನೇ ಕೇಳಿದರು. "ಹೆಂಗೈತ್ರಿ ಅಕ್ಕಾರ, ಇದು?"

"ಭಾಳ ಗಟ್ಟಿ ಇರಬೇಕ್ರಿ. ಎರಡ ವರ್ಷ ಆತು ಕಪಾಟಿನ್ಯಾಗ ಐತಿ, ಒಂದ ಸಲಾನೂ ಕೆಟ್ಟಿಲ್ಲ."

ಸಾಹೇಬರು ಮೇಜು ಬಡಿದು ನಕ್ಕು, "ಹಾಕ್ಕೊಂಡ ತೋರಸ್ರಿ" ಅಂದರು. ಹಾಕಿಕೊಂಡಳು. ಕಾಯಿ ಹಿಡಿದಳೋ ಇಲ್ಲವೋ, ಟೊಪ್ಪಿಗೆ ಟಣ್ ಎಂದು ನೆಲಕ್ಕೆ. ಮತ್ತೆ ಹಾಕಿಕೊಂಡಳು, ಮತ್ತೆ ಟಣ್.

"ಯಾರ ಬೆರಳಿನ ಅಳತಿ ತಗೊಂಡೀರಿ?" ಸಾಹೇಬರು ನನ್ನತ್ತ ತಿರುಗಿದರು.

ನಾನು ನನ್ನ ಹೆಬ್ಬೆರಳು ಎತ್ತಿದೆ. ಕಂಪನಿಯ ಮಾತು ಅಲ್ಲಿಗೆ ಮುಗಿಯಿತು. ಮಾಡಿದ್ದೇ ಅವಳ ಸಲುವಾಗಿ. ಆದರೆ ಊರೂರು ಅಲೆದವನು ಮಗ್ಗುಲಲ್ಲಿ ಕೂತವಳ ಬೆರಳನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ಹೆಂಡತಿ ಬಗ್ಗಿ ಟೊಪ್ಪಿಗೆ ಎತ್ತಿಕೊಂಡಳು. ಸೆರಗಿನಿಂದ ಒರೆಸಿ ನನ್ನ ಹೆಬ್ಬೆರಳಿಗೆ ತೊಡಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು.

"ಸಾಮಾನಿನ ತಪ್ಪೇನಿಲ್ಲ ಬಿಡ್ರಿ ಸಾಹೇಬ್ರ," ಅಂದಳು. "ನಾಳಿಂದ ನಮ್ಮ ಮನ್ಯಾಗ ತುಂಬು ಇವರೇ ಬಿಡಸ್ತಾರ."