ಸದರಿ ಕೋಳಿ ನೆಗೆದಿಲ್ಲ

ಭೂಮಿಯ ಮೇಲೆ ನೆಗೆಯುವ ಹಕ್ಕು ಒಂದು ವಿಡಿಯೋ ಗೇಮ್ ಕಂಪನಿಗೆ ಸೇರಿದ್ದಾಗಿದೆ. ಇದು ಕೃತಿಹಕ್ಕು ಕಚೇರಿಯ ರಿಜಿಸ್ಟರಿನಲ್ಲಿ ನೀಲಿ ಶಾಯಿಯಲ್ಲಿ, ಮೊಹರಿನ ಸಮೇತ ದಾಖಲಾಗಿರುವ ಸಂಗತಿ. ಅನುಮಾನ ಪಡುವವರು ಕಚೇರಿ ಸಮಯದಲ್ಲಿ ಬಂದು ಅನುಮಾನ ಪಡಬಹುದು.

ಆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಜವಾನನಾಗಿದ್ದವನು ನಾನು. ನಾನು ಬಾಗಿಲು ತೆಗೆಯದೆ ಒಂದು ಹಕ್ಕೂ ಒಳಗೆ ಹೋಗಿಲ್ಲ. ಶಾಲೆಗೆ ಹೋದವರು ಕಾನೂನನ್ನು ಪುಸ್ತಕದಲ್ಲಿ ಓದಿದರು, ನಾನು ಬಾಗಿಲ ಸಂದಿಯಲ್ಲಿ ಕೇಳಿದೆ. ತೀರ್ಪು ಬರೆಯುವ ಮುಂಚೆ ಸಾಹೇಬರುಗಳು ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಾನು ಹುಬ್ಬು ಏರಿಸಿದೆನೋ, ಅರ್ಜಿ ವಜಾ.

ನೆಗೆತದ ವಿಷಯದಲ್ಲಿ ಕಂಪನಿಯದ್ದು ಏನೂ ತಪ್ಪಿಲ್ಲ. ಅವರು ಕೊಟ್ಟಿದ್ದು ನಲವತ್ತು ಪುಟದ ಅರ್ಜಿ. ಛತ್ರಿ ಹಿಡಿದ ಒಬ್ಬ ಅಂಚೆಯವನ ಚಿತ್ರ, ಅವನ ಹಿನ್ನೆಲೆಗೆ ಬರುವ ಸಂಗೀತ, ಅವನು ಗೋಡೆಯಿಂದ ಗೋಡೆಗೆ ನೆಗೆಯುವ ಕತೆ. ಆದರೆ ರಿಜಿಸ್ಟರಿನಲ್ಲಿ ‘ಕೃತಿಯ ವಿವರ’ ಎಂಬ ಕಾಲಂ ಇರುವುದು ಹೆಬ್ಬೆರಳಿನಷ್ಟು ಅಗಲ. ಗುಮಾಸ್ತರು ನಲವತ್ತು ಪುಟವನ್ನೂ ಓದಿ, ಪೆನ್ನು ಕಚ್ಚಿ, ‘ನೆಗೆತ’ ಎಂದು ಬರೆದರು. ಅಕ್ಷರ ಮುದ್ದಾಗಿತ್ತು. ಕಂಪನಿ ಕೇಳಿದ್ದು ಒಬ್ಬ ಅಂಚೆಯವನನ್ನು, ಸಿಕ್ಕಿದ್ದು ಲೋಕದ ನೆಗೆತವೆಲ್ಲ. ಕೇಳದೆ ಸಿಕ್ಕ ಹೊಲಕ್ಕೆ ಬೇಲಿ ಹಾಕದವರುಂಟೇ?

ಬೇಲಿಗೆ ಮೊದಲು ಸಿಕ್ಕಿಬಿದ್ದದ್ದು ನನ್ನ ಮೊಮ್ಮಗಳ ಕೋಳಿ.

ಮೊಮ್ಮಗಳು ವಿಡಿಯೋ ಗೇಮ್ ಮಾಡುತ್ತಾಳೆ. ಆಡುವುದಲ್ಲ, ಮಾಡುವುದು. ಹಿಂದಿನ ಕೋಣೆಯಲ್ಲಿ ಎರಡು ವರ್ಷ ಕೂತು, ಕಣ್ಣು ಕೆಂಪಾಗಿಸಿಕೊಂಡು, ಒಬ್ಬಳೇ ಒಂದು ಕೋಳಿಯನ್ನು ಮಾಡಿದಳು. ಕೋಳಿಯ ಮೊಟ್ಟೆ ಒಂದು ಕಚೇರಿಯ ಆರನೇ ಅಂತಸ್ತಿನಲ್ಲಿ ಯಾವುದೋ ಫೈಲಿನೊಳಗೆ ಸಿಕ್ಕಿಕೊಂಡಿದೆ. ಪೊರಕೆ, ಬಕೆಟ್ಟು, ನಿದ್ದೆ ಹೋದ ಗುಮಾಸ್ತ, ಎಲ್ಲದರ ಮೇಲೂ ನೆಗೆದು ಅದು ಮೊಟ್ಟೆ ಸೇರಬೇಕು. ಬಕೆಟ್ಟಿನ ಯೋಚನೆ ನನ್ನದು.

ಬಿಡುಗಡೆಗೆ ಒಂದು ವಾರವಿದೆ ಎನ್ನುವಾಗ ನೋಟಿಸು ಬಂತು. ‘ಸದರಿ ಕೋಳಿಯು ಅನುಮತಿಯಿಲ್ಲದೆ ನೆಗೆಯುತ್ತಿರುವುದು ಕಂಡುಬಂದಿದ್ದು, ವಿಚಾರಣೆಯಲ್ಲಿ ಸೋತ ಪಕ್ಷದಲ್ಲಿ ಕೋಳಿಯನ್ನೂ ಅದರ ಮೊಟ್ಟೆಯನ್ನೂ ಶಾಶ್ವತವಾಗಿ ಅಳಿಸತಕ್ಕದ್ದು.’

“ಎರಡು ವರ್ಷ ಅಜ್ಜಾ,” ಎಂದಳು. ಅಷ್ಟೇ. ತಟ್ಟೆಯಲ್ಲಿ ಊಟ ಹಾಗೇ ಆರಿಹೋಗಿತ್ತು.

“ನಾನಿರುವಾಗ ನಿನ್ನ ಕೋಳಿಯ ಒಂದು ಪುಕ್ಕ ಅಲ್ಲಾಡಿಸೋಕೆ ಯಾರಿಗೂ ಆಗಲ್ಲ, ಪುಟ್ಟಿ. ಏಳು, ಊಟ ಮಾಡು.”

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿಗಳು ನನ್ನನ್ನು ಕಂಡ ಕೂಡಲೇ, “ಏನಯ್ಯಾ, ನಿವೃತ್ತಿಯಾದರೂ ನಮ್ಮನ್ನ ಬಿಡಲ್ವಾ?” ಎಂದರು. ಆಚೆ ಬದಿಯಲ್ಲಿ ಕಂಪನಿಯ ವಕೀಲರು. ಹೊಳೆಯುವ ಬೂಟು, ಹೊಳೆಯುವ ತಲೆ.

ಮೊಮ್ಮಗಳು ಎದ್ದು ನಿಂತಳು. “ಸರ್, ಅವರ ಅಂಚೆಯವನು ಅವರದ್ದು, ಅವರ ಸಂಗೀತ ಅವರದ್ದು. ನಾನು ಒಂದನ್ನೂ ಮುಟ್ಟಿಲ್ಲ. ಕದ್ದಿದ್ದರೆ ಶಿಕ್ಷೆ ಕೊಡಿ. ಆದರೆ ನೆಗೆಯೋದು ಯಾರಪ್ಪನ ಮನೆ ಆಸ್ತಿ ಸರ್?”

ಅಧಿಕಾರಿಗಳು ರಿಜಿಸ್ಟರು ತಿರುವಿದರು. “ಯಾರಪ್ಪನ ಮನೆದು ಅಂತ ಇಲ್ಲಿ ಸ್ಪಷ್ಟವಾಗಿದೆಯಮ್ಮಾ. ಕಂಪನಿಯದ್ದು.”

“ಆ ಕಾಲಂ ಅಗಲ ಮಾಡಿದ್ದರೆ ಹೀಗಾಗ್ತಿತ್ತಾ?”

“ಅಗಲ ಮಾಡಿ ಅಂತ ಹಿಂದೆಯೇ ಒಂದು ಅರ್ಜಿ ಬಂದಿತ್ತು. ಅದರ ವಿವರ ಕಾಲಂನಲ್ಲಿ ಹಿಡಿಸಲಿಲ್ಲ.”

ವಕೀಲರು ಸಂಕಟದಿಂದ ತಲೆಯಾಡಿಸಿದರು. ಕೋಳಿಯನ್ನು ಅಳಿಸುವ ಆದೇಶಕ್ಕೆ ಅಧಿಕಾರಿಗಳು ಪೆನ್ನಿನ ಕ್ಯಾಪು ತೆಗೆದರು. ಆಗ ನಾನು ಹುಬ್ಬು ಏರಿಸಿದೆ.

“ಸ್ವಾಮಿ, ಸದರಿ ಕೋಳಿ ನೆಗೆಯುತ್ತಲೇ ಇಲ್ಲ. ಅದು ಇದ್ದಲ್ಲೇ ಇದೆ. ನೆಲ ತಗ್ಗುತ್ತಾ ಇದೆ.”

“ಏನು ತಾತಾ, ಕಣ್ಣು ಮಂಜಾ?” ಎಂದರು ವಕೀಲರು. “ಮೇಲೆ ಹೋಗೋದು ಕಾಣಲ್ವಾ?”

“ಬಸ್ಸಲ್ಲಿ ಕೂತಾಗ ಮರ ಓಡೋದೂ ಕಾಣುತ್ತೆ ಸ್ವಾಮಿ. ಮರದ ಮೇಲೆ ಕೇಸು ಹಾಕ್ತೀರಾ? ಬೇಕಾದ್ರೆ ನೀವೇ ಒಂದ್ಸಲ ನೆಗೆದು ನೋಡಿ. ಈ ಕೋಣೆಯಲ್ಲಿ ನೆಗೆಯೋ ಹಕ್ಕಿರೋದು ನಿಮಗೊಬ್ಬರಿಗೇ. ಇಲ್ಲಿ, ಈ ಕಿಟಕಿ ಎದುರು ಬನ್ನಿ, ಬೆಳಕು ಚೆನ್ನಾಗಿದೆ.”

ಬೆಳಕಿನ ಜೊತೆಗೆ ಅಲ್ಲಿ ಗೆದ್ದಲೂ ಚೆನ್ನಾಗಿತ್ತು. ಆ ಹಲಗೆ ನೆಲದ ರಿಪೇರಿ ಫೈಲನ್ನು ಹನ್ನೆರಡು ವರ್ಷ ಮೇಜಿನಿಂದ ಮೇಜಿಗೆ ಹೊತ್ತವನು ನಾನೇ.

ವಕೀಲರು ಕೋಟು ಬಿಗಿಮಾಡಿಕೊಂಡು ನೆಗೆದರು. ಎಂಥಾ ನೆಗೆತ! ಫ್ಯಾನಿನ ದೂಳನ್ನು ತಲೆಯಲ್ಲೇ ಒರೆಸಿಕೊಂಡು ಬಂದರು. ಕೆಳಗೆ ಬಂದಾಗ ಹಲಗೆ ಲಟಕ್ಕೆಂದಿತು, ಅವರು ಸೊಂಟದ ತನಕ ಒಳಗೆ ಹೋದರು. ಕೆಳಗಿನ ಅಂತಸ್ತಿನಲ್ಲಿ ಯಾರೋ, “ಯಾರ್ರೀ ಅದು ಬೂಟು?” ಎಂದು ಕೂಗಿದರು.

ಅಧಿಕಾರಿಗಳು ಅಳತೆಪಟ್ಟಿ ತರಿಸಿ ಅಳೆದು ದಾಖಲಿಸಿದರು. ‘ನೆಲವು ತಗ್ಗಿರುವುದು ಖುದ್ದು ಕಂಡುಬಂದಿದೆ. ಆದ್ದರಿಂದ ಸದರಿ ಕೋಳಿ ನೆಗೆದಿಲ್ಲ. ನೆಲವನ್ನು ತಗ್ಗಿಸುವ ಈ ನೂತನ ರಚನೆಯು ಈಕೆಯದೇ ಆಗಿದ್ದು, ಈಕೆಯ ಜೀವಿತಾವಧಿ ಹಾಗೂ ತದನಂತರ ಅರವತ್ತು ವರ್ಷ ಬೇರಾರೂ ಮುಟ್ಟತಕ್ಕದ್ದಲ್ಲ.’

“ಅಯ್ಯೋ, ನನಗೆ ನೆಲ ಯಾಕೆ ಸರ್? ನನ್ನ ಕೋಳಿಯೊಂದು ನನ್ನ ಹೆಸರಲ್ಲಿದ್ದರೆ ಸಾಕು.”

“‘ಕೋಳಿ’ ಅಂತ ಬರೆದರೆ ನಾಳೆ ಎಲ್ಲರ ಕೋಳಿಯೂ ನಿಮ್ಮದಾಗುತ್ತಮ್ಮಾ. ಕಚೇರಿ ಅಷ್ಟು ಬೇಜವಾಬ್ದಾರಿ ಅಲ್ಲ.”

ಗುಮಾಸ್ತರು ಪೆನ್ನು ಕಚ್ಚಿ, ಆ ಹೆಬ್ಬೆರಳಗಲದ ಜಾಗದಲ್ಲಿ ‘ತಗ್ಗು’ ಎಂದು ಬರೆದರು. ವಕೀಲರು ಸೊಂಟದ ಮಟ್ಟದಿಂದಲೇ ಸಹಿ ಹಾಕಿದರು.

ಗೇಮು ಹೇಳಿದ ದಿನವೇ ಬಿಡುಗಡೆಯಾಯಿತು. ಮಕ್ಕಳು ಮುದುಕರೆನ್ನದೆ ಎಲ್ಲರೂ ಮೊಟ್ಟೆ ಹುಡುಕಿದರು. ಹತ್ತನೇ ದಿನ ರಸ್ತೆ ಇಲಾಖೆಯ ಎಂಜಿನಿಯರು ಹೂವಿನ ಹಾರ ಹಿಡಿದು ಮನೆಗೆ ಬಂದರು.

“ಅಮ್ಮಾ, ಊರಲ್ಲಿರೋ ತಗ್ಗುಗಳೆಲ್ಲ ತಮ್ಮ ಕೃತಿಗಳಂತೆ. ರಿಜಿಸ್ಟರು ನೋಡಿ ಬಂದೆ. ಎಂಥಾ ಪ್ರತಿಭೆ!”

“ಅದು ಗೇಮಿನದ್ದು ಸರ್. ರಸ್ತೆ ತಗ್ಗನ್ನ ಧಾರಾಳವಾಗಿ ಮುಚ್ಚಿ. ಈಗಲೇ ಬರೆದುಕೊಡ್ತೀನಿ.”

ಎಂಜಿನಿಯರು ಎರಡೂ ಕೈಯಲ್ಲಿ ಅವಳ ಪೆನ್ನು ತಡೆದರು. “ದಯವಿಟ್ಟು ಹಾಗೆ ಮಾಡಬೇಡಿ ತಾಯೀ! ಕಲಾವಿದರ ಕೃತಿಯನ್ನ ಇಲಾಖೆ ತಿದ್ದೋದಾ? ಛೆ.”

ಮರುದಿನವೇ ಪ್ರತಿ ತಗ್ಗಿನ ಪಕ್ಕದಲ್ಲೂ ಒಂದು ಹಲಗೆ ಎದ್ದಿತು. ‘ಸೂಚನೆ: ಈ ತಗ್ಗು ಕೃತಿಹಕ್ಕಿಗೆ ಒಳಪಟ್ಟಿದೆ. ಇದನ್ನು ಮುಚ್ಚುವುದು, ತಿದ್ದುವುದು ಅಥವಾ ನಕಲು ಮಾಡುವುದು ಶಿಕ್ಷಾರ್ಹ.’ ಕೆಳಗೆ ಸಣ್ಣ ಅಕ್ಷರದಲ್ಲಿ: ‘ನೆಗೆದು ದಾಟಲಿಚ್ಛಿಸುವವರು ಕಂಪನಿಯ ಪರವಾನಗಿ ಪಡೆಯತಕ್ಕದ್ದು.’

ಜನ ಒಳ್ಳೆಯವರು, ಬೇಗ ಹೊಂದಿಕೊಂಡರು. ಈಗ ಪರವಾನಗಿ ಇದ್ದವರು ನೆಗೆಯುತ್ತಾರೆ, ಇಲ್ಲದವರು ತಗ್ಗಿಗೆ ಇಳಿದು ಆಚೆ ಹತ್ತುತ್ತಾರೆ. ಇಳಿಯುವಾಗ ನಮ್ಮ ಮನೆ ಕಡೆ ತಿರುಗಿ ಗೌರವದಿಂದ ತಲೆಬಾಗುವವರೂ ಇದ್ದಾರೆ.

ನಮ್ಮ ಗೇಟಿನ ಎದುರೂ ಒಂದು ತಗ್ಗಿದೆ, ಎದೆಮಟ್ಟ. ಮೊಮ್ಮಗಳು ಸಂಜೆ ಪೇಟೆ ಕೆಲಸ ಮುಗಿಸಿ ಬಂದಾಗ ತನ್ನ ಸ್ವಂತದ ಆ ತಗ್ಗಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಾಳೆ. ಈಚೆ ದಡದಲ್ಲಿ ನಾನು ಬಗ್ಗಿ ಕೈ ಚಾಚುತ್ತೇನೆ.

“ಬೇಗ ಹತ್ತು ಪುಟ್ಟಿ,” ಎನ್ನುತ್ತೇನೆ. “ಹತ್ತೋದಕ್ಕೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ.”